ಜಕರಂಡ ಹೂ ಬಿಡುತ್ತಿಲ್ಲ, ಚೆರಿ ತರಿಸಲೇ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮೈಸೂರಿನ ಬೋಗಾದಿ ಕಡೆ 40-60 ಸೈಟಿನಲ್ಲಿ ಮನೆ ಇದೆ. ಪಾಂಡವಪುರದ ಹತ್ತಿರ ನಾಲೆ ಬಯಲಿನಲ್ಲಿ ಎರಡು ಎಕರೆ ಜಮೀನಿದೆ. ಐದು ವರ್ಷದ ಹಿಂದೆ ಗದ್ದೆ ಬದುವಿನಲ್ಲಿ ಜಕರಂಡ ಸಸಿ ನೆಟ್ಟೆ. ಮರ ಎತ್ತರಕ್ಕೆ ಹೋಗಿದೆ, ಎಲೆ ಸೊಂಪಾಗಿದೆ, ಒಂದೇ ಒಂದು ಹೂ ಇಲ್ಲ. ಈಗ ಮಗಳು ಜಪಾನಿನ ಚೆರಿ ಹೂವಿನ ವಿಡಿಯೊ ಕಳಿಸಿದ್ದಾಳೆ. ಸಸಿ ಆನ್‌ಲೈನಿನಲ್ಲಿ ಸಿಗುತ್ತದಂತೆ. ತರಿಸಲೇ? ಹೊರದೇಶದ ಯಾವ ಹೂಮರಗಳು ನಮ್ಮ ಕಡೆ ಬರುತ್ತವೆ? ಮನೆ ಮುಂದೆ ಏನು ಹಾಕಲಿ, ಜಮೀನಿಗೆ ಏನು?

ಉತ್ತರ: ಮೇಷ್ಟ್ರೇ, ಚೆರಿಗೆ ಇನ್ನೂ ದುಡ್ಡು ಕಳಿಸಿಲ್ಲ ಅಂದರೆ ಕಳಿಸಬೇಡಿ. ಸಸಿ ಬದುಕಿದರೂ ಬದುಕೀತು, ಹೂ ಬಿಡುವುದಿಲ್ಲ. ಚೆರಿ ಮರ ಹಿಂದಿನ ಬೇಸಿಗೆಯಲ್ಲೇ ಮೊಗ್ಗು ಕಟ್ಟಿಕೊಂಡು ಚಳಿಗಾಲವಿಡೀ ಅದನ್ನು ಮಲಗಿಸಿ ಇಟ್ಟಿರುತ್ತದೆ. ಆ ಮೊಗ್ಗು ಏಳಬೇಕಾದರೆ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಬೀಳಬೇಕು. ಮೈಸೂರಿನ ಜನವರಿ ರಾತ್ರಿ ಎಷ್ಟು ತಣ್ಣಗಿರುತ್ತದೆ? ಸಾಮಾನ್ಯವಾಗಿ 15-16 ಡಿಗ್ರಿ. ನಾವು ಮಫ್ಲರ್ ಸುತ್ತಿಕೊಂಡು ಕುಕ್ಕರಹಳ್ಳಿ ಕೆರೆ ಸುತ್ತುತ್ತೇವೆ, ಚೆರಿಗೆ ಅದು ಚಳಿಯೇ ಅಲ್ಲ.

ಮಗಳು ಕಳಿಸಿದ ವಿಡಿಯೊದಲ್ಲಿ ಊರಿಗೆ ಊರೇ ಒಂದೇ ದಿನ ಬೆಳ್ಳಗೆ ಅರಳಿರುತ್ತದೆ ಅಲ್ವಾ, ಅದಕ್ಕೂ ಕಾರಣ ಇದೆ. ಜಪಾನಿನ ಪಾರ್ಕುಗಳಲ್ಲಿ ಹೆಚ್ಚಾಗಿ ಇರುವುದು ಸೊಮೆಯ್ ಯೊಶಿನೊ ಎಂಬ ತಳಿ. ಅದನ್ನು ಬೀಜದಿಂದ ಬೆಳೆಸುವುದಿಲ್ಲ, ಕಸಿ ಕಟ್ಟಿಯೇ ಬೆಳೆಸುತ್ತಾರೆ. ಹಾಗಾಗಿ ಸಾವಿರ ಮರ ಇದ್ದರೂ ಎಲ್ಲ ಒಂದೇ ಮರದ ಕೊಂಬೆಗಳಿದ್ದ ಹಾಗೆ, ಒಟ್ಟಿಗೆ ಅರಳಿ ಒಟ್ಟಿಗೆ ಉದುರುತ್ತವೆ. 1912ರಲ್ಲಿ ಟೋಕಿಯೊ ನಗರ ಅಮೆರಿಕದ ವಾಷಿಂಗ್ಟನ್‌ಗೆ ಮೂರು ಸಾವಿರಕ್ಕೂ ಹೆಚ್ಚು ಚೆರಿ ಸಸಿಗಳನ್ನು ಕೊಟ್ಟಿತು. ಅಲ್ಲಿ ಹಿಮ ಬೀಳುತ್ತದೆ, ಚೆನ್ನಾಗಿಯೇ ಬಂದವು. ನಮ್ಮ ದೇಶದ ಶಿಲ್ಲಾಂಗ್‌ನಲ್ಲಿ ಅರಳುವುದು ಬೇರೆ ಜಾತಿ, ಹಿಮಾಲಯದ ಕಾಡು ಚೆರಿ. ಅದು ನವೆಂಬರಿನಲ್ಲಿ ಹೂ ಬಿಡುತ್ತದೆ. ಅದಕ್ಕೂ ಬೆಟ್ಟದ ತಂಪು ಬೇಕು. ಪಾಂಡವಪುರದ ಬಿಸಿಲು ಅದಕ್ಕೆ ಆಗಿಬರುವುದಿಲ್ಲ.

ಹೊರದೇಶದ ಮರ ತರುವಾಗ ಹೂವಿನ ಫೋಟೊ ನೋಡಬೇಡಿ, ಆ ಮರದ ಊರಿನ ಮಳೆ ನೋಡಿ. ನಮ್ಮಲ್ಲಿ ಡಿಸೆಂಬರಿನಿಂದ ಮಾರ್ಚಿನವರೆಗೆ ಹೆಚ್ಚುಕಡಿಮೆ ಒಣ. ಆಮೇಲೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆ, ಮುಂಗಾರು, ಹಿಂಗಾರು. ತವರಿನಲ್ಲೂ ಹೀಗೆ ಒಂದಷ್ಟು ತಿಂಗಳು ಒಣಗಿ ನಿಲ್ಲುವ ಅಭ್ಯಾಸ ಇರುವ ಮರ ನಮ್ಮಲ್ಲಿ ತಾನಾಗಿ ಹೊಂದಿಕೊಳ್ಳುತ್ತದೆ. ಗುಲ್‌ಮೊಹರ್ ನೋಡಿ, ನಮ್ಮೂರ ಮಕ್ಕಳು ಕತ್ತಿಕಾಯಿ ಹಿಡಿದು ಯುದ್ಧ ಆಡುವ ಮರ, ಅದು ಮಡಗಾಸ್ಕರ್ ದ್ವೀಪದ ಒಣ ಕಾಡಿನದು. ಜಕರಂಡ ಅರ್ಜೆಂಟೀನಾ-ಬೊಲಿವಿಯಾ ಕಡೆಯದು. ಗುಲಾಬಿ ಟಬೂಬಿಯ ಮೆಕ್ಸಿಕೊದಿಂದ ದಕ್ಷಿಣಕ್ಕೆ ಹಬ್ಬಿರುವ ಮರ, ಎಲ್ ಸಾಲ್ವಡಾರ್‌ನ ರಾಷ್ಟ್ರೀಯ ಮರವೂ ಹೌದು. ದೇವಸ್ಥಾನದಲ್ಲೆಲ್ಲ ಇರುವ ದೇವಕಣಗಿಲೆ ನಮ್ಮದೇ ಅಂದುಕೊಂಡಿದ್ದೇವೆ, ಅದೂ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದದ್ದು. ಇವಕ್ಕೆಲ್ಲ ನಮ್ಮ ಬೇಸಿಗೆ ಕಂಡರೆ ಹೆದರಿಕೆ ಇಲ್ಲ, ಅದು ಬೇಕೇ ಬೇಕು.

ಯಾಕೆ ಬೇಕು ಅಂದರೆ, ನೆಲ ಒಣಗುತ್ತಾ ಬಂದ ಹಾಗೆ ಮರ ಎಲೆ ಉದುರಿಸುತ್ತದೆ. ನೀರು ಹೆಚ್ಚಾಗಿ ಆವಿಯಾಗಿ ಹೋಗುವುದು ಎಲೆಯಿಂದಲೇ. ಎಲೆ ಹೋದ ಮೇಲೆ ಬೇರು ಆಳದಿಂದ ಎಳೆದ ನೀರು ಮತ್ತು ಕಾಂಡದಲ್ಲಿ ಉಳಿದಿದ್ದ ನೀರು ಕೊಂಬೆ ತುದಿಯವರೆಗೂ ತುಂಬಿಕೊಳ್ಳುತ್ತದೆ, ಸುಮ್ಮನೆ ಕೂತಿದ್ದ ಮೊಗ್ಗು ಆಗ ಬಿರಿಯುತ್ತದೆ. ಜೇನಿಗೂ ಅನುಕೂಲ, ನಡುವೆ ಎಲೆ ಅಡ್ಡ ಇಲ್ಲದೆ ಹೂ ದೂರಕ್ಕೇ ಕಾಣುತ್ತದೆ.

ಇದಕ್ಕೆ ಸರಿ ಉಲ್ಟಾ ಇರುವ ಮರಗಳೂ ಇವೆ, ವರ್ಷವಿಡೀ ಹಸಿ ಕೇಳುವಂಥವು. ಬರ್ಮಾದ ಅಮ್ಹರ್ಸ್ಟಿಯ ಅಂತ ಒಂದಿದೆ, ಹೂಮರಗಳ ರಾಣಿ ಎಂದು ಹೊಗಳಿಸಿಕೊಂಡದ್ದು, ಕೆಂಪು-ಹಳದಿ ಹೂ ಗೊಂಚಲಾಗಿ ದೀಪದ ಸಾಲಿನಂತೆ ಇಳಿಬೀಳುತ್ತವೆ. ನೋಡಿದರೆ ಆಸೆ ಆಗುತ್ತದೆ. ಬೋಗಾದಿಯ ಮಾರ್ಚಿ ತಿಂಗಳ ಒಣ ಗಾಳಿಗೆ ಅದರ ಎಲೆ ಅಂಚು ಸುಟ್ಟುಕೊಳ್ಳುತ್ತದೆ. ಬಿಟ್ಟುಬಿಡಿ.

ಈಗ ನಿಮ್ಮ ಜಕರಂಡಕ್ಕೆ ಬರೋಣ. ಎರಡು ವಿಷಯ ಇದೆ. ಮೊದಲನೆಯದು ವಯಸ್ಸು. ಬೀಜದಿಂದ ಬಂದ ಜಕರಂಡ ಏಳೆಂಟು ವರ್ಷ ತೆಗೆದುಕೊಳ್ಳುವುದು ಮಾಮೂಲು, ಕೆಲವು ಹತ್ತು ದಾಟಿದ ಮೇಲೂ ಸತಾಯಿಸುತ್ತವೆ. ಐದು ವರ್ಷಕ್ಕೆ ಹೂ ಕೇಳುವುದು ಸ್ವಲ್ಪ ಅವಸರವೇ. ಎರಡನೆಯದು ನೀರು, ನನ್ನ ಪ್ರಕಾರ ನಿಮ್ಮಲ್ಲಿ ಜಾಸ್ತಿ ಕೆಲಸ ಮಾಡಿರುವುದು ಇದೇ. ಗದ್ದೆ ಬದು ಅಂದಿರಿ. ನಾಲೆಗೆ ನೀರು ಬಿಟ್ಟಾಗ ಗದ್ದೆ ತುಂಬಿರುತ್ತದೆ, ಬದುವಿನ ಬುಡ ಸದಾ ತೇವ. ಜನವರಿ-ಫೆಬ್ರವರಿಯಲ್ಲಿ ಸೊರಗಬೇಕಾದ ಮರ ಬೇಸಿಗೆ ಬೆಳೆಯ ನೀರು ಕುಡಿದು ಹಸಿರಾಗಿ ನಿಂತಿರುತ್ತದೆ. ಅದರ ಮೇಲೆ ಭತ್ತಕ್ಕೋ ಕಬ್ಬಿಗೋ ಹಾಕಿದ ಯೂರಿಯ ಕರಗಿ ಬೇರಿಗೆ ಸಿಗುತ್ತದೆ. ಯೂರಿಯದಲ್ಲಿ ಇರುವುದು ಸಾರಜನಕ, ಅದು ಎಲೆ ಮತ್ತು ಚಿಗುರು ಬೆಳೆಸುತ್ತದೆ. ಹೀಗೆ ಹೊಟ್ಟೆ ತುಂಬಾ ಉಂಡು ಕೂತ ಮರ ಹೂ ಬಿಡುವ ಗೋಜಿಗೆ ಹೋಗುವುದಿಲ್ಲ.

ಹಾಗಂತ ಕಡಿಯಬೇಡಿ, ಕಿತ್ತು ಬೇರೆ ಕಡೆ ನೆಡುವ ಸಾಹಸವೂ ಬೇಡ. ಮರದಿಂದ ನಾಲ್ಕೈದು ಅಡಿ ಬಿಟ್ಟು ಗದ್ದೆ ಕಡೆಗೆ ಒಂದು ಬಸಿಗಾಲುವೆ ತೆಗೆಸಿ, ಒಂದೂವರೆ-ಎರಡು ಅಡಿ ಆಳ ಇರಲಿ, ನೀರು ತಗ್ಗಿನ ಕಡೆಗೆ ಹರಿದು ಹೋಗುವಂತಿರಲಿ. ದಪ್ಪ ಬೇರು ಸಿಕ್ಕರೆ ಅದನ್ನು ಬಿಟ್ಟು ಪಕ್ಕದಲ್ಲಿ ಅಗೆಸಿ. ಆ ಬದಿಯ ಎರಡು ಸಾಲಿಗೆ ಗೊಬ್ಬರ ಎರಚುವಾಗ ಕೈ ಹಿಡಿತದಲ್ಲಿರಲಿ. ಕೊಂಬೆ ಸವರುವ ಆಸೆ ಬಂದರೆ ತಡೆದುಕೊಳ್ಳಿ. ಜಕರಂಡ ಕೊಂಬೆ ಕಡಿದರೆ ಅಲ್ಲಿಂದ ನೇರ ಮೇಲಕ್ಕೆ ಕೋಲಿನಂಥ ಚಿಗುರು ಏಳುತ್ತದೆ, ಮರದ ಆಕಾರವೇ ಕೆಡುತ್ತದೆ, ಹೂ ಇನ್ನೂ ತಡವಾಗುತ್ತದೆ. ಇಷ್ಟು ಮಾಡಿ ಇನ್ನೊಂದು ಮೂರ್ನಾಲ್ಕು ವರ್ಷ ನೋಡಿ. ಸಮುದ್ರ ಮಟ್ಟದಿಂದ ಇರುವ ಎತ್ತರದ ದೃಷ್ಟಿಯಿಂದ ನಿಮ್ಮ ಊರಿಗೆ ತೊಂದರೆ ಇಲ್ಲ. ಜಕರಂಡಕ್ಕೆ ಒಣ ಹವೆಯ ಮೇಲುನಾಡು ಇಷ್ಟ, ಕರಾವಳಿಯ ಸೆಕೆ ಆಗುವುದಿಲ್ಲ, ಮಂಗಳೂರಿನವರಿಗೆ ಈ ಮರ ಹಾಕಿ ಎಂದು ನಾನು ಹೇಳುವುದೇ ಇಲ್ಲ. ಜಕರಂಡದ ನಗರ ಎಂದೇ ಹೆಸರಾದ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ನಮಗಿಂತಲೂ ಎತ್ತರದಲ್ಲಿದೆ. ಅಲ್ಲಿ ಅಕ್ಟೋಬರಿನಲ್ಲಿ ಅರಳುತ್ತದೆ, ಭೂಮಧ್ಯ ರೇಖೆಯ ಆಚೆ ವಸಂತ ಬರುವುದು ಆಗ. ನಮ್ಮಲ್ಲಿ ಮಾರ್ಚಿ-ಏಪ್ರಿಲ್.

ಮಗಳಿಗೆ ಚೆರಿ ತೋರಿಸಲೇಬೇಕು ಅಂತಿದ್ದರೆ ನಿಮ್ಮ ಜಮೀನಿನಲ್ಲೇ ಅದಕ್ಕೆ ಬದಲಿ ಇರುವ ಸಾಧ್ಯತೆ ಇದೆ. ಗೊಬ್ಬರದ ಗಿಡ! ಹೌದು, ಹಸಿರೆಲೆ ಗೊಬ್ಬರಕ್ಕೆ ಅಂತ ಬದುವಿನ ಮೇಲೆ ಗೂಟ ಊರಿ ಬೆಳೆಸುವ ಗ್ಲಿರಿಸಿಡಿಯ. ಮಂಡ್ಯದಲ್ಲಿ ಇದನ್ನು ಯಾರೂ ಹೂಮರ ಎಂದು ಲೆಕ್ಕಕ್ಕೆ ಹಿಡಿದಿಲ್ಲ, ಏಕೆಂದರೆ ಹೂ ಬಿಡಲು ನಾವು ಬಿಟ್ಟೇ ಇಲ್ಲ. ಪ್ರತಿ ವರ್ಷ ಸೊಪ್ಪಿಗೆ ಅಂತ ಕಡಿಯುತ್ತೇವೆ. ಹೂ ಬರುವುದು ಬಲಿತ ಕೊಂಬೆಯಲ್ಲಿ, ಅದೂ ಎಲೆ ಉದುರಿದ ಮೇಲೆ. ಹೊಸ ಚಿಗುರು ಆ ವರ್ಷ ಹೂ ಕೊಡುವುದಿಲ್ಲ. ಇದರ ತವರೂ ಮೆಕ್ಸಿಕೊ, ಮಧ್ಯ ಅಮೆರಿಕ. ಅಲ್ಲಿ ಹೂವಿನ ಕಾಲದಲ್ಲಿ ಕೊಂಬೆ ಪೂರ್ತಿ ತಿಳಿ ಗುಲಾಬಿ. ನೀವು ನಾಲ್ಕೈದು ಗಿಡಕ್ಕೆ ಕುಡುಗೋಲು ತಾಗಿಸದೆ ಎರಡು ವರ್ಷ ಬಿಡಿ. ನೀರು ನಿಲ್ಲುವ ಕಡೆ ಇರುವುದನ್ನಲ್ಲ, ದಿಣ್ಣೆ ಮೇಲಿರುವುದನ್ನು ಆರಿಸಿ, ಜಕರಂಡದ ಕತೆಯೇ ಇದಕ್ಕೂ. ಜನವರಿ ಕೊನೆಗೋ ಫೆಬ್ರವರಿಗೋ ಬರೀ ಕೊಂಬೆಯ ಮೇಲೆ ಒತ್ತೊತ್ತಾಗಿ ಹೂ ಕೂರುತ್ತದೆ. ದೂರದಿಂದ ಫೋಟೊ ತೆಗೆದು ಕಳಿಸಿದರೆ ಮಗಳಿಗೆ ಗೊತ್ತಾಗುವುದು ಕಷ್ಟ. ಹತ್ತಿರ ಹೋದರೆ ಗೊತ್ತಾಗುತ್ತದೆ, ಹೂವಿನ ಆಕಾರ ಅವರೆ ಹೂವಿನದು, ಅದೇ ಕುಟುಂಬ. ಖರ್ಚು ಏನೂ ಇಲ್ಲ, ಹೆಬ್ಬೆರಳು ದಪ್ಪದ ಕಡ್ಡಿ ಊರಿದರೆ ಬರುತ್ತದೆ. ಕಾಯಿ ಬಲಿತು ಸಿಡಿದ ಮೇಲೆ ಸುತ್ತ ಸಸಿ ಏಳುತ್ತವೆ, ಬೇಡದ್ದನ್ನು ಕಿತ್ತುಹಾಕಿ. ಕುದುರೆ ಸಾಕಿದವರು ಮಾತ್ರ ಇದನ್ನು ದೂರ ಇಡಲಿ, ಸೊಪ್ಪು ಕುದುರೆಗೆ ವಿಷ.

ಜಮೀನಿನ ಉಳಿದ ಕಡೆಗೆ ಏನು ಅಂದರೆ, ಮೊದಲು ತಗ್ಗು ಯಾವುದು, ದಿಣ್ಣೆ ಯಾವುದು ನೋಡಿಕೊಳ್ಳಿ. ನೀರು ನಿಲ್ಲುವ ತಗ್ಗಿಗೆ ಹೊರದೇಶದ್ದು ಹುಡುಕಬೇಡಿ. ಹೊಳೆ ದಾಸವಾಳ ಹಾಕಿ. ಹೊಳೆ ದಂಡೆಯಲ್ಲಿ ತಾನಾಗಿ ಬೆಳೆಯುವ ನಮ್ಮದೇ ಮರ, ಬುಡದಲ್ಲಿ ನೀರು ನಿಂತರೂ ತಡೆದುಕೊಳ್ಳುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ನೇರಳೆ ಹೂವಿನ ತೆನೆ ಎತ್ತಿ ನಿಲ್ಲುತ್ತದೆ. ಜಕರಂಡದ ಬಣ್ಣ ಇಷ್ಟಪಡುವವರು ಇದನ್ನು ಯಾಕೆ ಮರೆಯುತ್ತಾರೋ ಗೊತ್ತಿಲ್ಲ. ಮಹಾರಾಷ್ಟ್ರದವರು ಇದನ್ನು ತಮ್ಮ ರಾಜ್ಯದ ಹೂವು ಮಾಡಿಕೊಂಡಿದ್ದಾರೆ. ಪಕ್ಕದಲ್ಲೇ ಒಂದು ಹೊಂಗೆಯೂ ಇರಲಿ, ಅದಕ್ಕೂ ಹಸಿ ನೆಲ ಆಗುತ್ತದೆ.

ದಿಣ್ಣೆಗೆ, ಪಂಪ್ ಮನೆ ಹಿಂದೆ, ಬಂಡಿ ದಾರಿ ಬದಿಗೆ ಗುಲಾಬಿ ಟಬೂಬಿಯ ಹಾಕಿ. ಬೇಗ ಬೆಳೆಯುತ್ತದೆ, ಫೆಬ್ರವರಿ-ಮಾರ್ಚಿಯಲ್ಲಿ ಎಲೆ ಕಾಣದಂತೆ ಹೂ ಬಿಡುತ್ತದೆ, ಕೆಲವು ವರ್ಷ ನವೆಂಬರಿನಲ್ಲೂ ಒಂದು ಸುತ್ತು ಕೊಡುತ್ತದೆ. ಹತ್ತಿರವೇ ಒಂದು ಮುತ್ತುಗ ಇರಲಿ, ನಮ್ಮ ಒಣ ನೆಲದ್ದೇ, ಆ ಕಿತ್ತಳೆ ಕೆಂಪಿಗೆ ಹೊರದೇಶದ ಯಾವ ಮರವೂ ಸಾಟಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಲ್ಲು ಜಾಸ್ತಿ ಇರುವ ಮೂಲೆ ಇದ್ದರೆ ಅರಿಶಿಣ ಬೂರುಗ ಕೇಳಿ ನೋಡಿ, ಬಂಡೆ ಸಂದಿನಲ್ಲೂ ಬದುಕುವ ಜಾತಿ, ಬೋಳು ಕೊಂಬೆ ತುದಿಯಲ್ಲಿ ಅಂಗೈ ಅಗಲದ ಹಳದಿ ಹೂ. ಮೇ ತಿಂಗಳಿಗೆ ಗುಲ್‌ಮೊಹರ್ ಒಂದೇ ಸಾಕು, ಅದನ್ನೂ ಮನುಷ್ಯರು, ದನ, ಟ್ರ್ಯಾಕ್ಟರ್ ನಿಲ್ಲದ ಜಾಗಕ್ಕೆ. ಅದರ ಬೇರು ಮೇಲುಮೇಲೆ ಹರಡುತ್ತದೆ, ಮರ ಮೆದು. ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಮೈಸೂರಿನ ರಸ್ತೆಗಳಲ್ಲಿ ಕೊಂಬೆ ಮುರಿದು ಬೀಳುವ ಮರಗಳಲ್ಲಿ ಇದೂ ಒಂದು.

ಒಂದು ಮಾತು, ಬದು ಪೂರ್ತಿ ಮರ ಹಾಕಬೇಡಿ. ನೆರಳಿಗೆ ಭತ್ತ, ಕಬ್ಬು ಎರಡೂ ಸೊರಗುತ್ತವೆ. ಚಳಿಗಾಲದಲ್ಲಿ ಬಿಸಿಲು ದಕ್ಷಿಣದಿಂದ ಬೀಳುವುದರಿಂದ ಉತ್ತರದ ಅಂಚಿನ ಮರದ ನೆರಳು ನಿಮ್ಮ ಗದ್ದೆಯ ಆಚೆಗೆ ಹೋಗುತ್ತದೆ ನಿಜ, ಆದರೆ ಆಚೆ ಇರುವುದು ಪಕ್ಕದವರ ಗದ್ದೆ, ಆಮೇಲೆ ಬದು ಜಗಳ ಶುರುವಾದರೆ ಟಬೂಬಿಯ ಹೂ ನೋಡುವ ಮನಸ್ಸು ಯಾರಿಗೂ ಇರುವುದಿಲ್ಲ. ದಾರಿ ಇರುವ ಕಡೆಯ ಅಂಚೇ ಒಳ್ಳೆಯದು.

ವರ್ಷವಿಡೀ ಒಂದಲ್ಲ ಒಂದು ಹೂ ಇರಬೇಕು ಅನ್ನುವ ಆಸೆ ಹೊಸದೇನಲ್ಲ. ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್ ಅವರು ಲಂಡನ್ನಿನ ಕ್ಯೂ ಗಾರ್ಡನ್ನಿನಲ್ಲಿ ಕೆಲಸ ಮಾಡಿ, ಬರೋಡ ಸಂಸ್ಥಾನದಲ್ಲಿ ಕೆಲ ವರ್ಷ ಇದ್ದು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಲಾಲ್‌ಬಾಗಿಗೆ ಬಂದರು. ಬೆಂಗಳೂರಿನ ರಸ್ತೆಗಳಲ್ಲಿ ಒಂದು ಜಾತಿ ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವ ಹಾಗೆ ಮರ ಜೋಡಿಸಿದ ಕೀರ್ತಿ ಅವರದು. ಅದನ್ನೇ ಎರಡು ಎಕರೆಯಲ್ಲಿ ಮಾಡಬಹುದು. ಜನವರಿ-ಫೆಬ್ರವರಿಗೆ ಗೊಬ್ಬರದ ಗಿಡ, ಟಬೂಬಿಯ, ಮುತ್ತುಗ. ಮಾರ್ಚಿಗೆ ನಿಮ್ಮ ಜಕರಂಡ ಮನಸ್ಸು ಮಾಡಿದರೆ ಅದು. ಏಪ್ರಿಲ್-ಮೇಗೆ ಕಕ್ಕೆ, ಹೊಳೆ ದಾಸವಾಳ, ಗುಲ್‌ಮೊಹರ್. ಮಳೆಗಾಲಕ್ಕೆ ಸಂಪಿಗೆ. ದಸರಾ ಆದ ಮೇಲೆ ಬಸವನಪಾದ ಮತ್ತು ಆಕಾಶಮಲ್ಲಿಗೆ, ಅದೂ ಬರ್ಮಾ ಕಡೆಯಿಂದ ಬಂದು ಇಲ್ಲಿಯದೇ ಆಗಿಹೋದ ಮರ. ರಾತ್ರಿ ಅರಳುತ್ತದೆ, ಬೆಳಿಗ್ಗೆ ನೆಲದ ತುಂಬಾ ಬಿದ್ದಿರುತ್ತದೆ. ಮನೆ ಹತ್ತಿರ ಬೇಡ, ಎತ್ತರಕ್ಕೆ ಹೋಗಿ ಗಾಳಿಗೆ ಮುರಿಯುತ್ತದೆ, ಬೇರಿನಿಂದ ಮರಿ ಏಳುತ್ತಲೇ ಇರುತ್ತವೆ.

ಬೋಗಾದಿ ಮನೆಗೆ ಬಂದರೆ, 40-60 ಸೈಟು ಅಂದರೂ ಮನೆ, ಕಾರು, ಸಂಪು ಎಲ್ಲ ಹೋಗಿ ಮರಕ್ಕೆ ಉಳಿಯುವುದು ಎಂಟು-ಹತ್ತು ಅಡಿ ಜಾಗ. ಮೇಲೆ ಕರೆಂಟು ತಂತಿ, ಕೆಳಗೆ ಯುಜಿಡಿ (ಒಳಚರಂಡಿ) ಪೈಪು. ಇಲ್ಲಿ ಒಂದೇ ಮರ ಹಾಕಿ. ನನ್ನನ್ನು ಕೇಳಿದರೆ ಬಸವನಪಾದ ಅಥವಾ ಕೆಂಪು ಮಂದಾರ. ಇವು ಮಧ್ಯಮ ಗಾತ್ರಕ್ಕೆ ನಿಲ್ಲುತ್ತವೆ, ಸವರಿದರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇದೇ ಗುಂಪಿನ ಹಾಂಕಾಂಗ್ ಮಂದಾರ ಇನ್ನೂ ಚೆಂದ, ದೊಡ್ಡ ನೇರಳೆ ಕೆಂಪು ಹೂ, ಹಾಂಕಾಂಗ್ ಬಾವುಟದಲ್ಲಿ ಇರುವುದು ಅದೇ. ಅದು ಎರಡು ಜಾತಿ ಬೆರೆತು ಹುಟ್ಟಿದ ಬಂಜೆ ಮರ, ಕಾಯಿ ಕಚ್ಚುವುದಿಲ್ಲ, ಆದ್ದರಿಂದ ಹೂವಿನ ಕಾಲವೂ ಉದ್ದ. ನರ್ಸರಿಯವರು ಹಾಂಕಾಂಗ್ ಮಂದಾರದ ಬೀಜದ ಸಸಿ ಅಂತ ಕೊಟ್ಟರೆ ನಂಬಬೇಡಿ. ಕಸಿ ಅಥವಾ ಗೂಟಿ (ಮರದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸಿ ತೆಗೆದ) ಗಿಡವೇ ಆಗಿರಬೇಕು.

ಹಳದಿ ಬೇಕು ಅನ್ನುವವರಿಗೆ ಬ್ರೆಜಿಲ್ ಕಡೆಯ ಹಳದಿ ಟಬೂಬಿಯ ಇದೆ, ಬೆಳ್ಳಿ ಛಾಯೆಯ ಎಲೆ, ಬೆಂಡಿನಂಥ ತೊಗಟೆ. ಚಿಕ್ಕ ಮರ, ಆದರೆ ವಾಲುವ ಚಾಳಿ ಇದೆ. ಮೊದಲ ಎರಡು-ಮೂರು ವರ್ಷ ಕೋಲು ಕಟ್ಟಿ. ದೇವಕಣಗಿಲೆ ಅಂತೂ ಯಾರಿಗೂ ಕೈ ಕೊಡುವುದಿಲ್ಲ. ಅಡಿಯುದ್ದದ ಕೊಂಬೆ ಮುರಿದು, ಹಾಲು ಒಣಗಲಿ ಅಂತ ಒಂದು ವಾರ ನೆರಳಲ್ಲಿ ಇಟ್ಟು, ಆಮೇಲೆ ಊರಿ. ಹಸಿಯಾಗಿ ಊರಿದರೆ ಕೊಳೆಯುತ್ತದೆ. ನಾಗಲಿಂಗ ಪುಷ್ಪದ ಮರ ಮನೆ ಮುಂದೆ ಬೇಡವೇ ಬೇಡ. ಪೂಜೆಗೆ ಒಳ್ಳೆಯದು ಅಂತ ಹಾಕುತ್ತಾರೆ. ದಕ್ಷಿಣ ಅಮೆರಿಕದ ಆ ಮರದ ಕಾಯಿ ಫಿರಂಗಿ ಗುಂಡಿನ ಗಾತ್ರ, ತೂಕವೂ ಹಾಗೇ. ಕಾರಿನ ಗಾಜಿನ ಮೇಲೆ ಬಿದ್ದರೆ ಕತೆ ಮುಗಿಯಿತು.

ಕಕ್ಕೆ ಮನೆ ಮುಂದೆಯೂ ಆಗುತ್ತದೆ, ತಂತಿ ಇಲ್ಲದಿದ್ದರೆ. ಥಾಯ್ಲೆಂಡಿನ ರಾಷ್ಟ್ರೀಯ ಹೂ, ಕೇರಳದವರಿಗೆ ವಿಷುವಿಗೆ ಬೇಕೇ ಬೇಕಾದ ಹೂ, ನಮ್ಮಲ್ಲಿ ಬೀದಿ ಬದಿ. ಎಲೆಗೆ ಹಸಿರು ಹುಳ ಬಿದ್ದರೆ ಔಷಧಿ ಹೊಡೆಯಬೇಡಿ, ಅವು ತಿಳಿ ಹಳದಿ ಚಿಟ್ಟೆಯ ಮರಿಗಳು, ತಿಂದು ಹೋಗುತ್ತವೆ, ಮರ ಮತ್ತೆ ಚಿಗುರುತ್ತದೆ. ಬೀಜದ ಸಿಪ್ಪೆ ಗಟ್ಟಿ. ಒಂದು ಬದಿ ಕಲ್ಲಿಗೆ ಉಜ್ಜಿ ಒಂದು ರಾತ್ರಿ ನೀರಲ್ಲಿ ನೆನೆಸಿ ಬಿತ್ತಿ.

ಇಲ್ಲೊಂದು ಎಚ್ಚರಿಕೆ. ಕಕ್ಕೆ ಕೇಳಿದರೆ ಕೆಲವು ಕಡೆ ಹಳದಿ ಕ್ಯಾಸಿಯ ಅಂತ ಸೆನ್ನ ಸ್ಪೆಕ್ಟಾಬಿಲಿಸ್ ಕೊಟ್ಟುಬಿಡುತ್ತಾರೆ. ಅಮೆರಿಕದ ಉಷ್ಣವಲಯದ ಮರ, ಅಂದಕ್ಕೆ ಅಂತಲೇ ತಂದದ್ದು. ಈಗ ನೀಲಗಿರಿ ಸುತ್ತಿನ ಕಾಡಿಗೆಲ್ಲ ನುಗ್ಗಿದೆ. ವಯನಾಡಿನಲ್ಲಿ ವಿಪರೀತ, ನಮ್ಮ ಬಂಡೀಪುರ, ನಾಗರಹೊಳೆಯಲ್ಲೂ ತಲೆನೋವಾಗಿದೆ. ಕಡಿದರೆ ಬುಡದಿಂದ ನಾಲ್ಕು ಚಿಗುರು ಏಳುತ್ತವೆ, ಅದರ ಕೆಳಗೆ ಹುಲ್ಲು ಬೆಳೆಯುವುದಿಲ್ಲ, ಜಿಂಕೆ-ಆನೆಗೆ ಮೇವು ಹೋಯಿತು. ಗುರುತು ಸುಲಭ. ಕಕ್ಕೆಯ ಎಲೆಗರಿಯಲ್ಲಿ ನಾಲ್ಕರಿಂದ ಎಂಟು ಜೊತೆ ದೊಡ್ಡ ಎಲೆ, ಹೂವಿನ ಸರ ಕೆಳಗೆ ಜೋತುಬೀಳುತ್ತದೆ, ಬೇಸಿಗೆಯಲ್ಲಿ. ಸೆನ್ನದ ಗರಿಯಲ್ಲಿ ಹತ್ತಕ್ಕೂ ಹೆಚ್ಚು ಜೊತೆ ಚಿಕ್ಕ ಚೂಪು ಎಲೆ, ಹೂ ಮೇಲ್ಮುಖವಾಗಿ ನಿಲ್ಲುತ್ತದೆ, ಮಳೆಗಾಲದ ಕಡೆಗೆ. ಹಾಗೇ ಮಕ್ಕಳು ಮೊಗ್ಗು ಹಿಸುಕಿ ನೀರು ಚಿಮ್ಮಿಸುವ ಆಫ್ರಿಕಾದ ಕೆಂಪು ಹೂವಿನ ಮರ ಇದೆಯಲ್ಲ, ಸ್ಪಾಥೋಡಿಯ, ಅದೂ ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಇರುವ ಮರ ಇರಲಿ, ಹೊಸದಾಗಿ ನೆಡಬೇಡಿ.

ಸಸಿ ತರುವಾಗ ಎತ್ತರಕ್ಕೆ ಮರುಳಾಗಬೇಡಿ. ಚಿಕ್ಕ ಕವರಿನಲ್ಲಿ ಆರು ಅಡಿ ಬೆಳೆದು ನಿಂತ ಗಿಡದ ಬೇರು ಒಳಗೇ ಸುರುಳಿ ಸುತ್ತಿರುತ್ತದೆ. ಆ ಸುರುಳಿ ಹಾಗೇ ದಪ್ಪವಾಗಿ ಹತ್ತು ವರ್ಷದ ಮೇಲೆ ಮರ ಗಾಳಿಗೆ ಬುಡಸಮೇತ ಬೀಳುತ್ತದೆ. ಎರಡು-ಮೂರು ಅಡಿಯ, ಕಾಂಡ ಗಟ್ಟಿ ಇರುವ ಸಸಿ ಆರಿಸಿ, ನೆಡುವಾಗ ಕವರ್ ಪೂರ್ತಿ ತೆಗೆದು ಸುತ್ತಿದ ಬೇರನ್ನು ಬಿಡಿಸಿ. ಹೊಂಗೆ, ಹೊಳೆ ದಾಸವಾಳ, ಕಕ್ಕೆ ಅರಣ್ಯ ಇಲಾಖೆ ನರ್ಸರಿಯಲ್ಲಿ ವಿಚಾರಿಸಿ, ಅಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಎರಡಡಿ ಉದ್ದ, ಅಗಲ, ಆಳದ ಗುಂಡಿ ಸಾಕು, ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಜೂನ್-ಜುಲೈಯಲ್ಲಿ ನೆಟ್ಟರೆ ಹಿಂಗಾರು ಮುಗಿಯುವ ಹೊತ್ತಿಗೆ ಬೇರು ಹಿಡಿದಿರುತ್ತದೆ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಚೆನ್ನಾಗಿ ನೀರು ಕೊಡಿ. ಮೂರನೇ ಬೇಸಿಗೆಯಿಂದ ನಿಲ್ಲಿಸಿ, ಒಣಗಲು ಬಿಡಿ.

ಕೊನೆಗೆ ಜಾಗದ ವಿಷಯ. ನೆಡುವ ಮುಂಚೆ ತಲೆ ಎತ್ತಿ ತಂತಿ ನೋಡಿ, ಯುಜಿಡಿ ಛೇಂಬರ್ ಎಲ್ಲಿದೆ ನೋಡಿ. ಮರ ದೊಡ್ಡದಾದ ಮೇಲೆ ತಪ್ಪಾಯಿತು ಅಂತ ಕಡಿಸಲು ಹೋದರೆ, ಹೆಚ್ಚಿನ ಜಾತಿಗಳಿಗೆ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಅನುಮತಿ ಬೇಕು, ನಿಮ್ಮ ಸ್ವಂತ ಸೈಟಿನಲ್ಲಿದ್ದರೂ ಸರಿ.